ಓದುಗರ ಪ್ರಶ್ನೆ: ತಪ್ಪು ಹಿಡಿಯುವವರೇ ತಪ್ಪಿದಾಗ

ನಮ್ಮ ಸತ್ಯಪರಿಶೀಲನಾ ಪುಟದ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಟ್ಟಿಗಿಟ್ಟುಕೊಂಡು ಓದಿದಾಗ, ಅವುಗಳಲ್ಲಿ ಹೆಚ್ಚಿನವು ಎರಡೇ ದೂರುಗಳ ಸುತ್ತ ತಿರುಗುತ್ತಿರುವುದು ಕಂಡುಬಂತು. ನಾನು ಕಳಿಸಿದ ಸಂದೇಶವನ್ನು ನೀವೇಕೆ ಪರಿಶೀಲಿಸಲಿಲ್ಲ ಎಂಬುದು ಒಂದು; ನೀವು ಬರೆದದ್ದೇ ತಪ್ಪಾದರೆ ಏನು ಮಾಡುತ್ತೀರಿ ಎಂಬುದು ಇನ್ನೊಂದು. ಎರಡನೆಯದನ್ನು ಕೇಳಿದವರ ದನಿಯಲ್ಲಿ ತುಸು ಸಂತೋಷವೂ ಬೆರೆತಂತಿತ್ತು. ಇತರರ ತಪ್ಪು ಹಿಡಿಯುವುದನ್ನೇ ಕಸುಬು ಮಾಡಿಕೊಂಡವರ ವಿಷಯದಲ್ಲಿ ಅದು ಸಹಜವೇ. ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಎರಡು ತಿಂಗಳಲ್ಲಿ ಮೂರು ಫಾರ್ವರ್ಡ್ ಸಂದೇಶಗಳನ್ನು ಪರಿಶೀಲನೆಗೆಂದು ನಿಮಗೆ ಕಳಿಸಿದ್ದೆ. ಒಂದರ ಬಗ್ಗೆ ಮಾತ್ರ ಲೇಖನ ಬಂತು. ಉಳಿದೆರಡನ್ನು ಏಕೆ ಕೈಬಿಟ್ಟಿರಿ? ನಿಮ್ಮ ಒಲವು ನಿಲುವುಗಳಿಗೆ ಒಗ್ಗದ್ದನ್ನು ಬದಿಗೆ ಸರಿಸುತ್ತೀರಿ ಎಂದು ತಿಳಿಯಬೇಕೆ? (ನಿವೃತ್ತ ಗಣಿತ ಶಿಕ್ಷಕರೊಬ್ಬರು)

ಉತ್ತರ: ಮೇಷ್ಟ್ರೇ, ನಿಮ್ಮ ಮೂರೂ ಸಂದೇಶಗಳನ್ನು ಮತ್ತೆ ತೆಗೆದು ನೋಡಿದೆವು. ಮೊದಲನೆಯದು, ಸಕ್ಕರೆ ಕಾಯಿಲೆ ಇರುವವರು ಮಾತ್ರೆ ನಿಲ್ಲಿಸಿ ಯಾವುದೋ ಎಲೆಯ ರಸವನ್ನು ನಲವತ್ತು ದಿನ ಕುಡಿದರೆ ಕಾಯಿಲೆ ಬುಡಸಮೇತ ಹೋಗುತ್ತದೆ ಎನ್ನುವ ಸಂದೇಶ. ಅದನ್ನು ಬಂದ ದಿನವೇ ಕೈಗೆತ್ತಿಕೊಂಡೆವು, ಏಕೆಂದರೆ ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಆಗುವ ಕೇಡು ನಮ್ಮ ಲೇಖನ ಬರುವವರೆಗೆ ಕಾದು ಕುಳಿತಿರುವುದಿಲ್ಲ. ಎರಡನೆಯದು, ಇನ್ನು ಹದಿನೈದು ವರ್ಷಗಳಲ್ಲಿ ಜಗತ್ತಿನಲ್ಲಿ ಕಾಗದದ ಹಣವೇ ಇರುವುದಿಲ್ಲ ಎಂಬ ಭವಿಷ್ಯವಾಣಿ. ಅದು ನಿಜವಾಗಬಹುದು, ಆಗದಿರಬಹುದು. ಇವತ್ತು ಅದನ್ನು ಒರೆಗೆ ಹಚ್ಚಲು ನಮ್ಮ ಬಳಿ ಕಲ್ಲಿಲ್ಲ. ಅದೇ ಸಂದೇಶದಲ್ಲಿ, ಇಂಥ ದೇಶ ಇಂಥ ದಿನಾಂಕದಂದು ನೋಟು ಅಚ್ಚು ಹಾಕುವುದನ್ನು ನಿಲ್ಲಿಸಿದೆ ಎಂಬ ಒಂದು ವಾಕ್ಯವಿದ್ದಿದ್ದರೂ ಸಾಕಿತ್ತು, ಆ ವಾಕ್ಯವನ್ನಷ್ಟೇ ಬಿಡಿಸಿಕೊಂಡು ಪರಿಶೀಲಿಸುತ್ತಿದ್ದೆವು. ಮೂರನೆಯದು ಹೆಸರಿಲ್ಲದ ವ್ಯಕ್ತಿಯೊಬ್ಬರ ಧ್ವನಿ ಸಂದೇಶ: ಮುಚ್ಚಿದ ಬಾಗಿಲ ಹಿಂದೆ ನಡೆದ ಸಭೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಹೀಗೆಂದರಂತೆ ಎಂದು ಅವರಿಗೆ ಇನ್ನೊಬ್ಬರು ಹೇಳಿದರಂತೆ. ಅಧಿಕಾರಿ ಯಾರು, ಸಭೆ ಯಾವುದು, ಯಾವ ದಿನ ಎಂಬ ಮೂರರಲ್ಲಿ ಒಂದೂ ಅದರಲ್ಲಿಲ್ಲ. ಹಾಗೆ ನಡೆದಿಲ್ಲ ಎಂದು ಸಾಧಿಸುವುದಕ್ಕೂ ಒಂದು ಹಿಡಿ ಬೇಕಾಗುತ್ತದೆ.

ಆಯ್ಕೆಯ ಮೊದಲ ಜರಡಿ ಇದೇ. ಮಾತು ಅಭಿಪ್ರಾಯವೋ, ಭವಿಷ್ಯವೋ, ಹಾಸ್ಯವೋ ಆಗಿದ್ದರೆ ಅದು ಸೋರಿ ಹೋಗುತ್ತದೆ. ಅಂಕಿ, ದಿನಾಂಕ, ಚಿತ್ರ, ಹೇಳಿಕೆ, ಕಾನೂನಿನ ಕಲಮು ಇಂಥ ಯಾವುದಾದರೂ ಗಟ್ಟಿ ವಸ್ತು ಇದ್ದರೆ ಜರಡಿಯಲ್ಲಿ ಉಳಿಯುತ್ತದೆ. ಉಳಿದವುಗಳಲ್ಲಿ ಯಾವುದು ಮೊದಲು ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಅದು ಎಷ್ಟು ಹರಡಿದೆ, ಮತ್ತು ನಂಬಿದವರಿಗೆ ಎಷ್ಟು ಪೆಟ್ಟು ಬೀಳುತ್ತದೆ. ಜೀವ, ಔಷಧಿ, ಮತದಾನದ ದಿನಾಂಕ, ಯಾವುದೋ ಸಮುದಾಯದ ಮೇಲೆ ಜನರನ್ನು ಎತ್ತಿಕಟ್ಟುವ ಮಾತು, ಇವು ಸರತಿಯನ್ನು ಮುರಿದು ಮುಂದೆ ಬರುತ್ತವೆ.

ಹರಡುವಿಕೆಯನ್ನು ಅಳೆಯುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಎಲ್ಲರಿಗೂ ತೆರೆದಿರುವ ಜಾಲತಾಣಗಳಲ್ಲಾದರೆ ಎಷ್ಟು ಜನ ಹಂಚಿಕೊಂಡರು ಎಂಬುದು ಕಣ್ಣಿಗೆ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದರಿಂದ, ಹೊರಗಿನವರು ಯಾರೂ ಅವುಗಳನ್ನು ಎಣಿಸಲಾರರು. ಕೈಯಿಂದ ಕೈಗೆ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ದಾಟಿ ಬಂದ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಬೀಳುತ್ತದೆ, ಅಂಥದ್ದನ್ನು 2020ರ ಏಪ್ರಿಲ್‌ನಿಂದ ಈಚೆಗೆ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ನಮಗೆ ಸಿಗುವ ಸುಳಿವು ಅಷ್ಟೇ. ಹೀಗಾಗಿಯೇ ಓದುಗರು ಕಳಿಸುವ ಸಂದೇಶಗಳಿಗೆ ಅಷ್ಟು ಬೆಲೆ. ಒಂದೇ ವಾರದಲ್ಲಿ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಹತ್ತು ಮಂದಿ ಒಂದೇ ಚಿತ್ರವನ್ನು ಬೇರೆ ಬೇರೆ ಒಕ್ಕಣೆಯೊಡನೆ ಕಳಿಸಿದರೆಂದರೆ, ಕತ್ತಲ ಕೋಣೆಯಲ್ಲಿ ಏನೋ ಓಡಾಡುತ್ತಿದೆ ಎಂದು ಅರ್ಥ. ಆದ್ದರಿಂದ ನೀವು ಕಳಿಸಿದ್ದರ ಬಗ್ಗೆ ಲೇಖನ ಬರದಿದ್ದರೂ ಅದು ಎಣಿಕೆಗೆ ಸೇರಿರುತ್ತದೆ.

ಈ ಕೆಲಸವನ್ನು ಬೇರೊಂದು ರೀತಿಯಲ್ಲೂ ಮಾಡುವವರಿದ್ದಾರೆ. ತೈವಾನ್‌ನ ಕೊಫ್ಯಾಕ್ಟ್ಸ್ ಎಂಬ ವೇದಿಕೆಯಲ್ಲಿ ಜನರು ಲೈನ್ ಎಂಬ ಸಂದೇಶ ಆ್ಯಪ್‌ನ ಮೂಲಕ ಸಂಶಯದ ಸಂದೇಶಗಳನ್ನು ಕಳಿಸುತ್ತಾರೆ. ಅವಕ್ಕೆ ಉತ್ತರ ಬರೆಯುವವರು ಸಂಬಳದ ಸಿಬ್ಬಂದಿಯಲ್ಲ, ಸ್ವಯಂಸೇವಕರು. ಸರತಿ ಬೇಗ ಕರಗುವುದು ಅದರ ಲಾಭ. ಒಂದೇ ಸಂದೇಶಕ್ಕೆ ಪರಸ್ಪರ ಒಪ್ಪದ ಉತ್ತರಗಳು ಬರಬಹುದಾದದ್ದು ಅದರ ತೊಡಕು.

ಒಲವಿನ ಪ್ರಶ್ನೆಗೆ ಈಗ ಬರುತ್ತೇನೆ. ಆಯ್ಕೆಯೆಂದರೆ ತೀರ್ಪು, ಅದರಲ್ಲಿ ಪಕ್ಷಪಾತ ನುಸುಳುವುದೇ ಇಲ್ಲ ಎಂದು ಎದೆ ತಟ್ಟಿಕೊಂಡು ಹೇಳುವ ಸಂಪಾದಕರನ್ನು ನಾನಾದರೂ ನಂಬುವುದಿಲ್ಲ. ಪ್ರತಿಯೊಂದು ಲೇಖನವೂ ನಿಖರವಾಗಿದ್ದು, ಎಲ್ಲವೂ ಒಂದೇ ಪಾಳೆಯದ ಸುಳ್ಳುಗಳ ಬಗ್ಗೆಯೇ ಇದ್ದರೆ, ಆ ನಿಖರತೆಯೇ ಒಂದು ಮುಸುಕಾಗಿಬಿಡುತ್ತದೆ. ಇದನ್ನು ಪರೀಕ್ಷಿಸುವ ದಾರಿ ಒಂದೇ ಲೇಖನದಲ್ಲಿ ಸಿಗದು. ಒಂದು ವರ್ಷದ ಪಟ್ಟಿಯನ್ನು ಹರವಿಕೊಂಡು, ಯಾರ ಯಾರ ಮಾತುಗಳು ಎಷ್ಟೆಷ್ಟು ಸಲ ಬಂದಿವೆ, ಎಲ್ಲರಿಗೂ ಒಂದೇ ಅಳತೆಗೋಲು ಬಳಕೆಯಾಗಿದೆಯೇ ಎಂದು ನೋಡಬೇಕು. ಪಾಳೆಯಗಳಿಗೆ ಸರಿಸಮ ಸಂಖ್ಯೆ ಬರಬೇಕೆಂದೇನೂ ಇಲ್ಲ, ಏಕೆಂದರೆ ಸುಳ್ಳುಗಳು ಸರಿಸಮವಾಗಿ ಹುಟ್ಟುವುದಿಲ್ಲ. ಅಳತೆಗೋಲು ಮಾತ್ರ ಒಂದೇ ಆಗಿರಬೇಕು.

ಪ್ರಶ್ನೆ: ಯಾರೂ ಕೇಳಿರದ ಸುಳ್ಳನ್ನು ನೀವು ಎತ್ತಿ ಬರೆದರೆ ಅದಕ್ಕೆ ನೀವೇ ಪ್ರಚಾರ ಕೊಟ್ಟಂತೆ ಆಗುವುದಿಲ್ಲವೇ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಆಗುತ್ತದೆ. ಅದಕ್ಕಾಗಿಯೇ ಹತ್ತಿಪ್ಪತ್ತು ಜನರ ಗುಂಪಿನೊಳಗೆ ಸುತ್ತುತ್ತಿರುವ ಮಾತನ್ನು, ಅದು ಎಷ್ಟೇ ಹಸಿ ಸುಳ್ಳಾಗಿದ್ದರೂ, ಬಹಿರಂಗವಾಗಿ ಬರೆಯಲು ಹೋಗುವುದಿಲ್ಲ. ಕಳಿಸಿದವರಿಗೆ ಮಾತ್ರ ಉತ್ತರಿಸಿ, ಕಡತದಲ್ಲಿಟ್ಟು ಕಾಯುತ್ತೇವೆ. ಬರೆಯುವಾಗಲೂ ತಲೆಬರಹದಲ್ಲಿ ಸುಳ್ಳನ್ನೇ ದೊಡ್ಡದಾಗಿ ಮೆರೆಸದೆ, ನಿಜವಾದ ಸಂಗತಿಯನ್ನು ಮೊದಲಿಟ್ಟು, ಹರಿದಾಡುತ್ತಿರುವ ಮಾತನ್ನು ಒಂದೇ ಸಲ ಹೇಳಿ, ಅದು ಎಲ್ಲಿ ಎಡವಿದೆ ಎಂದು ತೋರಿಸಿ, ಮತ್ತೆ ನಿಜಕ್ಕೆ ಮರಳುವುದು ಈ ಕಸುಬಿನಲ್ಲಿ ಒಪ್ಪಿತವಾದ ಕ್ರಮ. ತಿದ್ದಲು ಹೋದರೆ ಜನ ತಮ್ಮ ನಂಬಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬ ಹೆದರಿಕೆಯೂ ಒಂದು ಕಾಲದಲ್ಲಿತ್ತು. ರಾಜಕೀಯ ವಿಜ್ಞಾನಿಗಳಾದ ಬ್ರೆಂಡನ್ ನೈಹನ್ ಮತ್ತು ಜೇಸನ್ ರೈಫ್ಲರ್ 2010ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದಕ್ಕೆ ಇಂಬು ಕೊಟ್ಟಿದ್ದವು. ಆದರೆ ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಹಲವಾರು ವಿಷಯಗಳನ್ನಿಟ್ಟುಕೊಂಡು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಂಥ ತಿರುಗುಬಾಣ ಬಹುಮಟ್ಟಿಗೆ ಕಾಣಿಸಲಿಲ್ಲ. ಹೆಚ್ಚಿನ ಜನರು, ಸರಿಯಾದ ಮಾಹಿತಿ ಕೈಗೆ ಬಂದಾಗ, ಅಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತಾರೆ.

ಪ್ರಶ್ನೆ: ಕೆಲವು ತಿಂಗಳ ಹಿಂದೆ ಪ್ರವಾಹದ ಚಿತ್ರವೊಂದರ ಬಗ್ಗೆ ನೀವು ಬರೆದ ಲೇಖನದಲ್ಲಿ ಇದ್ದ ವರ್ಷ ಆಮೇಲೆ ಬದಲಾಗಿತ್ತು. ಹೀಗೆ ತಿದ್ದುವುದಕ್ಕೆ ನಿಮ್ಮಲ್ಲಿ ನಿಯಮಗಳಿವೆಯೇ, ಅಥವಾ ಯಾರಾದರೂ ನೋಡಿದರೆ ಮಾತ್ರ ತಿದ್ದುವುದೇ? (ಗ್ರಂಥಪಾಲಕಿಯೊಬ್ಬರು)

ಉತ್ತರ: ಅದನ್ನು ನೋಡಿದವರು ನೀವೇ ಎಂಬುದನ್ನು ಉಳಿದ ಓದುಗರಿಗೆ ಹೇಳಲು ನಿಮ್ಮ ಒಪ್ಪಿಗೆ ಇರುವುದರಿಂದ, ಆ ಪ್ರಸಂಗವನ್ನು ಬಿಡಿಸಿ ಹೇಳುತ್ತೇನೆ. ಕುತ್ತಿಗೆಮಟ್ಟದ ನೀರಿನಲ್ಲಿ ಮಗುವನ್ನು ತಲೆಯ ಮೇಲೆ ಹೊತ್ತು ನಡೆಯುತ್ತಿರುವ ವ್ಯಕ್ತಿಯ ಚಿತ್ರ, ಆ ವಾರ ನಡೆದಿದ್ದ ಪ್ರವಾಹದ್ದು ಎಂದು ಹರಿದಾಡುತ್ತಿತ್ತು. ನಮ್ಮ ಸಹೋದ್ಯೋಗಿ ರಿವರ್ಸ್ ಇಮೇಜ್ ಸರ್ಚ್, ಅಂದರೆ ಚಿತ್ರವನ್ನೇ ಕೊಟ್ಟು ಅಂತರ್ಜಾಲದಲ್ಲಿ ಅದರ ಪ್ರತಿಗಳನ್ನು ಹುಡುಕುವ ಕೆಲಸ, ಮಾಡಿದಾಗ ಸಿಕ್ಕ ಅತ್ಯಂತ ಹಳೆಯ ಪ್ರತಿ 2017ರದ್ದು. ಚಿತ್ರ ಹಳೆಯದು ಎಂಬುದಕ್ಕೆ ಅಷ್ಟು ಸಾಕು. ಆದರೆ ಲೇಖನದಲ್ಲಿ ನಾವು ಬರೆದದ್ದು, ಚಿತ್ರವನ್ನು 2017ರಲ್ಲಿ ತೆಗೆಯಲಾಗಿದೆ ಎಂದು. ಹುಡುಕಾಟದಲ್ಲಿ ಮೊದಲು ಸಿಕ್ಕ ದಿನಾಂಕವನ್ನೇ ಚಿತ್ರ ತೆಗೆದ ದಿನಾಂಕವೆಂದು ತಿಳಿಯುವುದು ಈ ಕೆಲಸದಲ್ಲಿ ಎಲ್ಲರೂ ಒಮ್ಮೆಯಾದರೂ ಬೀಳುವ ಹಳ್ಳ. ಅದನ್ನು ದಾಟಲು ಅಂತರ್ಜಾಲದಲ್ಲಿ 2017ರಿಂದಲೂ ಇದೆ ಎಂದು ಬರೆದಿದ್ದರೆ ಸಾಕಿತ್ತು. ನೀವು ನಿಮ್ಮ ಗ್ರಂಥಾಲಯದ ಕಪಾಟಿನಲ್ಲಿದ್ದ 2015ರ ಮುದ್ರಿತ ವರದಿಯ ಆ ಪುಟದ ಫೋಟೊವನ್ನು, ಮುದ್ರಣದ ವಿವರಗಳಿರುವ ಪುಟದ ಸಮೇತ, ನಮಗೆ ಕಳಿಸಿದಿರಿ. ಅಂತರ್ಜಾಲದಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ ಎಂದುಕೊಂಡವರಿಗೆ ಅದೊಂದು ಒಳ್ಳೆಯ ಪಾಠವಾಯಿತು.

ತಿದ್ದುಪಡಿಯ ಒಕ್ಕಣೆ ಹೇಗೆ ತಯಾರಾಯಿತು ಎಂಬುದನ್ನೂ ಹೇಳಬೇಕು. ಮೊದಲ ಕರಡಿನಲ್ಲಿ ಇದ್ದದ್ದು ಒಂದೇ ವಾಕ್ಯ: ‘ಈ ಲೇಖನವನ್ನು ಪರಿಷ್ಕರಿಸಲಾಗಿದೆ.’ ಸಂಪಾದಕರು ಅದನ್ನು ಹೊಡೆದುಹಾಕಿದರು. ಏನು ತಪ್ಪಿತ್ತು, ಈಗ ಏನಾಗಿದೆ, ಅದರಿಂದ ತೀರ್ಮಾನ ಬದಲಾಯಿತೇ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಪರಿಷ್ಕರಣೆ ಎಂಬ ದೊಡ್ಡ ಪದದ ಹಿಂದೆ ತಪ್ಪು ಎಂಬ ಚಿಕ್ಕ ಪದ ಅಡಗಿ ಕುಳಿತಿತ್ತು. ಕೊನೆಗೆ ಪ್ರಕಟವಾದದ್ದು ಹೀಗೆ: ‘ತಿದ್ದುಪಡಿ: ಈ ಲೇಖನದ ಮೊದಲ ಆವೃತ್ತಿಯಲ್ಲಿ, ಚಿತ್ರವನ್ನು 2017ರಲ್ಲಿ ತೆಗೆಯಲಾಗಿದೆ ಎಂದು ಬರೆದಿದ್ದೆವು. ಅದೇ ಚಿತ್ರ 2015ರ ಮುದ್ರಿತ ವರದಿಯೊಂದರಲ್ಲಿ ಇರುವುದನ್ನು ಓದುಗರೊಬ್ಬರು ತೋರಿಸಿಕೊಟ್ಟಿದ್ದಾರೆ. ಚಿತ್ರ ಈಗಿನ ಪ್ರವಾಹದ್ದಲ್ಲ ಎಂಬ ತೀರ್ಮಾನದಲ್ಲಿ ಬದಲಾವಣೆಯಿಲ್ಲ. ವರ್ಷವನ್ನು ತಪ್ಪಾಗಿ ಬರೆದದ್ದಕ್ಕೆ ವಿಷಾದಿಸುತ್ತೇವೆ.’ ಇದರ ಕೆಳಗೆ ದಿನಾಂಕವನ್ನೂ ಹಾಕಿದೆವು.

ನಿಯಮಗಳ ಮಾತಿಗೆ ಬಂದರೆ, ಕಾಗುಣಿತ ಮತ್ತು ಅಲ್ಪವಿರಾಮದಂಥವನ್ನು ಸದ್ದಿಲ್ಲದೆ ಸರಿಪಡಿಸುತ್ತೇವೆ. ಹೆಸರು, ಅಂಕಿ, ವರ್ಷ, ಯಾರದೋ ಮಾತನ್ನು ಇನ್ನಾರದೋ ಬಾಯಿಗೆ ಹಾಕಿದ್ದು, ಇಂಥ ತಪ್ಪುಗಳಿಗೆ ಮೇಲೆ ಹೇಳಿದಂಥ ಒಕ್ಕಣೆ ಬೇಕೇ ಬೇಕು. ತೀರ್ಮಾನವೇ ತಿರುಗಿದರೆ, ಅಂದರೆ ಸುಳ್ಳು ಎಂದದ್ದು ನಿಜವೆಂದೋ ನಿಜವೆಂದದ್ದು ಅರ್ಧಸತ್ಯವೆಂದೋ ಆದರೆ, ಒಕ್ಕಣೆ ಲೇಖನದ ತಳದಲ್ಲಿ ಕುಳಿತರೆ ಸಾಲದು; ಅದು ತಲೆಬರಹದ ಕೆಳಗೇ ಬರಬೇಕು, ತಲೆಬರಹವೂ ಬದಲಾಗಬೇಕು, ಮೊದಲ ಲೇಖನವನ್ನು ಯಾವ ಯಾವ ಕಡೆ ಹಂಚಿಕೊಂಡಿದ್ದೆವೋ ಅಲ್ಲೆಲ್ಲ ತಿದ್ದುಪಡಿಯನ್ನೂ ಹಂಚಬೇಕು, ನಮ್ಮ ತೀರ್ಮಾನದಿಂದ ಹೆಸರು ಕೆಟ್ಟವರಿಗೆ ನೇರವಾಗಿ ತಿಳಿಸಬೇಕು. ಇಲ್ಲಿ ಇನ್ನೊಂದು ಹೊಣೆಯೂ ಇದೆ. ಸತ್ಯಪರಿಶೀಲನಾ ಲೇಖನಗಳ ತೀರ್ಮಾನವನ್ನು ಹುಡುಕುಯಂತ್ರಗಳು ಗುರುತಿಸಿಕೊಳ್ಳಲೆಂದು ಪುಟದೊಳಗೆ ಕ್ಲೇಮ್‌ರಿವ್ಯೂ ಎಂಬ ಗುರುತುಪಟ್ಟಿಯೊಂದನ್ನು ಸೇರಿಸುವ ಪದ್ಧತಿ 2015ರಿಂದ ಬೆಳೆದುಬಂದಿದೆ. ಓದುವ ಪುಟದಲ್ಲಿ ತಿದ್ದಿ ಈ ಗುರುತುಪಟ್ಟಿಯಲ್ಲಿ ತಿದ್ದದೆ ಬಿಟ್ಟರೆ, ಅದನ್ನು ಬಳಸುವ ಹುಡುಕಾಟಗಳಲ್ಲಿ ಹಳೆಯ ತಪ್ಪು ತೀರ್ಪೇ ಕಾಣಿಸುತ್ತಲೇ ಇರುತ್ತದೆ. ಹಾಗೆಯೇ, ಮೆಟಾ ಸಂಸ್ಥೆ (ಆಗ ಅದರ ಹೆಸರೂ ಫೇಸ್‌ಬುಕ್) 2016ರ ಡಿಸೆಂಬರ್‌ನಲ್ಲಿ ಆರಂಭಿಸಿದ ಯೋಜನೆಯಲ್ಲಿ ಹೊರಗಿನ ಪರಿಶೀಲಕರು ಸುಳ್ಳೆಂದ ಪೋಸ್ಟ್ ಫೇಸ್‌ಬುಕ್‌ನಲ್ಲಿ ಕಡಿಮೆ ಜನರಿಗೆ ಕಾಣುವಂತಾಗುತ್ತದೆ. ಅಮೆರಿಕದಲ್ಲಿ ಅದನ್ನು ಕೈಬಿಡುವುದಾಗಿ ಆ ಸಂಸ್ಥೆ 2025ರ ಜನವರಿಯಲ್ಲಿ ಪ್ರಕಟಿಸಿತು. ಅಂಥ ವ್ಯವಸ್ಥೆಯಲ್ಲಿ ಪರಿಶೀಲಕರ ತಪ್ಪಿಗೆ ದಂಡ ತೆರುವವನು ಇನ್ನೊಬ್ಬ. ತಿದ್ದುಪಡಿ ಒಂದು ದಿನ ತಡವಾದರೂ ಅವನ ಮಾತು ಒಂದು ದಿನ ಕುಗ್ಗಿಯೇ ಇರುತ್ತದೆ.

ತಡ ಎಂದಾಗ ನೆನಪಾಗುವುದು ನ್ಯೂಯಾರ್ಕ್ ಟೈಮ್ಸ್. ರಾಬರ್ಟ್ ಗೊಡಾರ್ಡ್ ಎಂಬ ವಿಜ್ಞಾನಿಗೆ, ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡಲಾರದೆಂಬ ಶಾಲಾ ಮಟ್ಟದ ಜ್ಞಾನವೂ ಇಲ್ಲವೆಂದು ಆ ಪತ್ರಿಕೆ 1920ರ ಜನವರಿಯಲ್ಲಿ ಅಣಕಿಸಿತ್ತು. ಅದನ್ನು ತಿದ್ದಿಕೊಂಡದ್ದು 1969ರ ಜುಲೈ 17ರಂದು, ಚಂದ್ರನತ್ತ ಹೊರಟ ಅಪೊಲೊ 11 ನೆಲಬಿಟ್ಟ ಮರುದಿನ. ಅಷ್ಟರಲ್ಲಿ ಗೊಡಾರ್ಡ್ ತೀರಿಕೊಂಡು ಎರಡು ದಶಕಗಳು ಕಳೆದಿದ್ದವು. ಅದೇ ಪತ್ರಿಕೆ 1853ರಲ್ಲಿ, ಅಪಹರಣಕ್ಕೊಳಗಾಗಿ ಗುಲಾಮಗಿರಿಗೆ ಮಾರಾಟವಾಗಿದ್ದ ಸಾಲೊಮನ್ ನಾರ್ಥಪ್ ಅವರ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದನ್ನು 2014ರಲ್ಲಿ ಸರಿಪಡಿಸಿತು. ನಗು ಬರುತ್ತದೆ, ನಿಜ. ಆದರೂ 161 ವರ್ಷದ ಹಿಂದಿನ ಕಾಗುಣಿತಕ್ಕೂ ದಿನಾಂಕ ಹಾಕಿ ಒಕ್ಕಣೆ ಬರೆದ ಆ ಹಟ ನನಗೆ ಇಷ್ಟ.

ಪ್ರಶ್ನೆ: ಇವತ್ತು ಸುಳ್ಳು ಎನ್ನುತ್ತೀರಿ, ನಾಳೆ ಹೊಸ ಮಾಹಿತಿ ಬಂತು ಎನ್ನುತ್ತೀರಿ. ಹಾಗಾದರೆ ಮೊದಲು ಹೇಳಿದ್ದು ತಪ್ಪೆಂದು ನೇರವಾಗಿ ಏಕೆ ಒಪ್ಪಿಕೊಳ್ಳಬಾರದು? (ವಕೀಲರೊಬ್ಬರು)

ಉತ್ತರ: ಬರೆದ ದಿನವೇ ತಪ್ಪಾಗಿದ್ದುದನ್ನು ಸರಿಪಡಿಸುವುದು ತಿದ್ದುಪಡಿ, ಬರೆದ ದಿನ ಸರಿಯಾಗಿದ್ದು ಆಮೇಲೆ ಸಂಗತಿಯೇ ಬದಲಾದಾಗ ಸೇರಿಸುವುದು ಹೊಸ ಮಾಹಿತಿ. ಮೃತರ ಸಂಖ್ಯೆ ಸಂಜೆಯ ಹೊತ್ತಿಗೆ ಏರಿದರೆ ಬೆಳಗಿನ ವರದಿ ತಪ್ಪಾಗಿತ್ತು ಎನ್ನಲಾಗದು. ಆದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ: ಮೊದಲನೆಯದನ್ನು ಎರಡನೆಯದರ ವೇಷದಲ್ಲಿ ಸಾಗಿಸುವ ಚಾಳಿ ನಮ್ಮ ಕಸುಬಿನಲ್ಲಿ ಇಲ್ಲದಿಲ್ಲ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ, ಕಷ್ಟದ್ದು ಅದೇ. ಕೊರೊನಾ ವೈರಸ್ಸನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಯಿತು ಎಂಬ ಹೇಳಿಕೆಗೆ ಅಮೆರಿಕದ ಸತ್ಯಪರಿಶೀಲನಾ ಸಂಸ್ಥೆ ಪೊಲಿಟಿಫ್ಯಾಕ್ಟ್ 2020ರ ಸೆಪ್ಟೆಂಬರ್‌ನಲ್ಲಿ ತನ್ನ ಅತ್ಯಂತ ಕೀಳು ಶ್ರೇಣಿಯಾದ ‘ಪ್ಯಾಂಟ್ಸ್ ಆನ್ ಫೈರ್’ (ಅಂದರೆ ಹಸಿ ಸುಳ್ಳು) ಅನ್ನು ಕೊಟ್ಟಿತ್ತು. 2021ರ ಮೇ ತಿಂಗಳಲ್ಲಿ ಆ ಲೇಖನವನ್ನು ತನ್ನ ತೀರ್ಪುಗಳ ಸಂಗ್ರಹದಿಂದ ಹೊರತೆಗೆದು, ವಿಜ್ಞಾನಿಗಳ ನಡುವೆ ಈ ವಿಷಯದಲ್ಲಿ ಈಗ ಹೆಚ್ಚಿನ ಭಿನ್ನಾಭಿಪ್ರಾಯವಿದೆ ಎಂಬ ಸಂಪಾದಕರ ಟಿಪ್ಪಣಿಯೊಡನೆ, ಮೂಲ ಬರಹವನ್ನು ಓದಲು ಸಿಗುವಂತೆಯೇ ಇಟ್ಟಿತು. ಆ ಹೇಳಿಕೆ ನಿಜವೆಂದು ಅದು ಅಂದೂ ಹೇಳಲಿಲ್ಲ. ಎಡವಿದ್ದು ಎಲ್ಲಿ ಎಂದರೆ, ಆಧಾರವಿಲ್ಲ ಎಂಬ ಮಾತು ನಿಲ್ಲಬೇಕಿದ್ದ ಜಾಗದಲ್ಲಿ ಸುಳ್ಳು ಎಂಬ ಮಾತು ಬಂದು ಕುಳಿತದ್ದರಲ್ಲಿ. ‘ಇದಕ್ಕೆ ಪುರಾವೆ ಸಿಕ್ಕಿಲ್ಲ’ ಎಂಬ ತಲೆಬರಹವನ್ನು ಯಾರೂ ಉತ್ಸಾಹದಿಂದ ಓದುವುದಿಲ್ಲ. ಆದರೂ ಬಹಳಷ್ಟು ಸಲ ನಾವು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಅಷ್ಟೇ ಇರುತ್ತದೆ.

ಪ್ರಶ್ನೆ: ತಪ್ಪು ಲೇಖನವನ್ನು ಅಳಿಸಿಬಿಟ್ಟರೆ ಮುಗಿಯಿತಲ್ಲ? (ಹೆಸರು ಬೇಡವೆಂದವರು)

ಉತ್ತರ: ಮುಗಿಯುವುದಿಲ್ಲ. ಲೇಖನ ಹೋದರೂ ಅದರ ಸ್ಕ್ರೀನ್‌ಶಾಟ್ ಉಳಿಯುತ್ತದೆ, ಅದನ್ನು ಹಂಚಿಕೊಂಡವರ ತಲೆಯಲ್ಲಿ ತಪ್ಪೂ ಉಳಿಯುತ್ತದೆ. ಅಳಿದುಹೋಗುವುದು ತಿದ್ದುಪಡಿಯನ್ನು ಅಂಟಿಸಬಹುದಾಗಿದ್ದ ಗೋಡೆ ಮಾತ್ರ. ಲೇಖನದಿಂದ ಯಾರ ಜೀವಕ್ಕಾದರೂ ಅಪಾಯವಿದ್ದರೆ ಮಾತ್ರ ತೆಗೆಯುತ್ತೇವೆ. ಆಗಲೂ ಆ ವಿಳಾಸದಲ್ಲಿ, ಇಲ್ಲಿ ಏನಿತ್ತು, ಏಕೆ ತೆಗೆದೆವು ಎಂದು ಬರೆದಿಡುತ್ತೇವೆ.

ಪ್ರಶ್ನೆ: ಪರಿಶೀಲಕರನ್ನು ಪರಿಶೀಲಿಸುವವರು ಯಾರು? ಸುಳ್ಳು ಸತ್ಯಕ್ಕಿಂತ ಆರು ಪಟ್ಟು ವೇಗವಾಗಿ ಓಡುತ್ತದೆ ಎಂದು ನೀವೇ ಬರೆದಿದ್ದಿರಿ. ನಿಮ್ಮ ತಪ್ಪೂ ಅಷ್ಟೇ ವೇಗದಲ್ಲಿ ಓಡುವುದಿಲ್ಲವೇ? (ಬ್ಯಾಂಕ್ ಉದ್ಯೋಗಿ)

ಉತ್ತರ: ಅಮೆರಿಕದ ಪಾಯಿಂಟರ್ ಎಂಬ ಪತ್ರಿಕೋದ್ಯಮ ಸಂಸ್ಥೆಯಲ್ಲಿ 2015ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಸತ್ಯಪರಿಶೀಲನಾ ಜಾಲ, ಅಂದರೆ ಐಎಫ್‌ಸಿಎನ್, 2016ರಲ್ಲಿ ಒಂದು ನೀತಿಸಂಹಿತೆಯನ್ನು ಹೊರತಂದಿತು. ನಿಷ್ಪಕ್ಷಪಾತ, ಮೂಲಗಳ ಬಗ್ಗೆ, ಹಣ ಮತ್ತು ಆಡಳಿತದ ಬಗ್ಗೆ, ಪರಿಶೀಲನೆಯ ವಿಧಾನದ ಬಗ್ಗೆ ಮುಚ್ಚುಮರೆಯಿಲ್ಲದಿರುವುದು, ಮತ್ತು ಬಹಿರಂಗವಾದ ಪ್ರಾಮಾಣಿಕ ತಿದ್ದುಪಡಿ, ಈ ಐದಕ್ಕೆ ಸಹಿ ಹಾಕುವ ಸಂಸ್ಥೆಗಳನ್ನು ಹೊರಗಿನ ಮೌಲ್ಯಮಾಪಕರು ಪರೀಕ್ಷಿಸುತ್ತಾರೆ. ಸಹಿ ಮಾಡಿದ ಸಂಸ್ಥೆ ಸಂಹಿತೆಯನ್ನು ಮುರಿದಿದೆ ಎನಿಸಿದರೆ ಓದುಗರು ನೇರವಾಗಿ ಜಾಲಕ್ಕೇ ದೂರು ಕೊಡಬಹುದು. ಇದು ನ್ಯಾಯಾಲಯವಲ್ಲ, ಕಸುಬಿನವರ ಒಳಕಟ್ಟಳೆ. ಅದರ ಮಿತಿಯನ್ನು ಬಲ್ಲವರೇ ಅದನ್ನು ಚೆನ್ನಾಗಿ ಬಳಸಿಕೊಳ್ಳಬಲ್ಲರು.

ಇನ್ನು ಆರು ಪಟ್ಟಿನ ಲೆಕ್ಕ. ನಾವು ಹಾಗೆ ಬರೆದದ್ದು ನಿಜ, ಹಾಗೆ ಮೊಟಕಾಗಿ ಬರೆದದ್ದು ಸರಿಯಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ಅಧ್ಯಯನ ನೋಡಿದ್ದು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹರಡಿದ ಸುಮಾರು 1,26,000 ಸುದ್ದಿಸರಣಿಗಳನ್ನು. ಅದರಲ್ಲಿ 1,500 ಜನರನ್ನು ತಲುಪಲು ನಿಜ ಸುದ್ದಿ ಸುಳ್ಳು ಸುದ್ದಿಗಿಂತ ಸುಮಾರು ಆರು ಪಟ್ಟು ಸಮಯ ತೆಗೆದುಕೊಂಡಿತ್ತು. ಒಂದು ಜಾಲತಾಣದ, ಒಂದು ಕಾಲಾವಧಿಯ ಲೆಕ್ಕವನ್ನು ಎಲ್ಲ ಸುಳ್ಳುಗಳ ಸ್ವಭಾವವೆಂಬಂತೆ ಹೇಳಿದೆವು. ಆ ಲೇಖನದ ಮೇಲೆ ಇಂದೇ ತಿದ್ದುಪಡಿಯ ಒಕ್ಕಣೆ ಹಾಕಿದ್ದೇವೆ.

ಪ್ರಶ್ನೆ: ಕಳಿಸುವಾಗ ನಾವು ಏನನ್ನು ಗಮನಿಸಬೇಕು? (ಗೃಹಿಣಿಯೊಬ್ಬರು)

ಉತ್ತರ: ಸ್ಕ್ರೀನ್‌ಶಾಟ್ ಕತ್ತರಿಸದೆ ಇಡಿಯಾಗಿ ಕಳಿಸಿ, ಅಂಚಿನಲ್ಲಿರುವ ದಿನಾಂಕ, ಖಾತೆಯ ಹೆಸರು ಮತ್ತು ಆ ಜೋಡಿ ಬಾಣ ನಮಗೆ ಬೇಕು. ಮೂಲ ಕೊಂಡಿ ಸಿಕ್ಕರೆ ಸ್ಕ್ರೀನ್‌ಶಾಟಿಗಿಂತ ಅದೇ ಮೇಲು. ವಿಡಿಯೊ ಆಗಿದ್ದರೆ ಪರದೆಯನ್ನು ಮತ್ತೊಂದು ಫೋನಿನಲ್ಲಿ ಚಿತ್ರೀಕರಿಸದೆ ಕಡತವನ್ನೇ ಕಳಿಸಿ, ಏಕೆಂದರೆ ಹಿನ್ನೆಲೆಯ ಫಲಕವೊಂದರ ಮಸುಕಾದ ಎರಡು ಅಕ್ಷರಗಳಿಂದಲೇ ಸ್ಥಳ ಪತ್ತೆಯಾದದ್ದುಂಟು. ಯಾವಾಗ ಬಂತು, ಎಂಥ ಗುಂಪಿನಿಂದ ಬಂತು ಎಂದು ಒಂದು ಸಾಲು ಬರೆದರೆ ಸಾಕು. ಕಳಿಸಿದವರ ಹೆಸರು, ನಂಬರು ಬೇಡ. ನಮ್ಮ ತಪ್ಪನ್ನು ತೋರಿಸುವುದಾದರೆ, ಯಾವ ವಾಕ್ಯ ತಪ್ಪು ಎಂದು ಆ ವಾಕ್ಯವನ್ನೇ ನಕಲು ಮಾಡಿ, ಅದರ ಕೆಳಗೆ ನಿಮ್ಮ ಆಧಾರವನ್ನು ಇಡಿ. ಬೈಗುಳವಿದ್ದರೆ ಅದನ್ನು ಕೊನೆಯಲ್ಲಿ ಬರೆಯಿರಿ. ಅಷ್ಟರಲ್ಲಿ ನಮಗೆ ಬೇಕಾದದ್ದನ್ನು ಓದಿಕೊಂಡಿರುತ್ತೇವೆ.